ಸಿನಿಮಾದ ಬೇನೆ, ನಮ್ಮಕ್ಕನ ಬೇನೆ

ಹಳೇ ಸಿನಿಮಾಗಳಿಗೆ ಬೇನೆ ಬೀಳಲು ಬರುವುದಿಲ್ಲ. ಹಾಡಲು ಬರುತ್ತದೆ, ಅಳಲು ಬರುತ್ತದೆ, ಹರಿದ ಸೀರೆಯಲ್ಲೂ ಮರ್ಯಾದೆಯಿಂದ ಬಾಳಲು ಬರುತ್ತದೆ, ಸಾಯುವುದಂತೂ ಬಹಳ ಚೆನ್ನಾಗಿ ಬರುತ್ತದೆ. ಸಾಯುವುದಕ್ಕೆ ಮುಂಚಿನ ವರ್ಷಗಳು ಮಾತ್ರ ಅವಕ್ಕೆ ಗೊತ್ತಿಲ್ಲ. ನಾನು ಈ ಮಾತು ಆಡಿದಾಗಲೆಲ್ಲ ನನ್ನ ಸರೀಕರಿಗೆ ಸಿಟ್ಟು ಬರುತ್ತದೆ. ಆಗಿನ ಸಿನಿಮಾ ಅಂದರೆ ಸಿನಿಮಾ, ಈಗೇನಿದೆ ಮಣ್ಣು ಎನ್ನುತ್ತಾರೆ. ಅವರು ಹೇಳುವುದರಲ್ಲಿ ಅರ್ಧ ನಿಜ. ಉಳಿದರ್ಧದ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ.

ಆ ಚಿತ್ರಗಳಲ್ಲಿ ನಾಯಕಿ ಬೇನೆ ಬೀಳುವ ರೀತಿ ನೋಡಿ. ಎರಡು ಸಲ ಕೆಮ್ಮುತ್ತಾಳೆ. ಕರವಸ್ತ್ರ ನೋಡಿಕೊಂಡು ಸೆರಗಿನಲ್ಲಿ ಬಚ್ಚಿಡುತ್ತಾಳೆ. ಮುಂದಿನ ದೃಶ್ಯದಲ್ಲಿ ಬಿಳೀ ದಿಂಬಿನ ಮೇಲೆ ಕೂದಲು ಹರಡಿಕೊಂಡು ಮಲಗಿರುತ್ತಾಳೆ, ಹಣೆಯ ಕುಂಕುಮ ಕದಲಿರುವುದಿಲ್ಲ. ಗಂಡನ ಕೈ ಹಿಡಿದು ಉದ್ದನೆಯ ಮಾತೊಂದನ್ನು ಎಲ್ಲೂ ತಡವರಿಸದೆ ಆಡಿ ಮುಗಿಸಿ ಕಣ್ಣು ಮುಚ್ಚುತ್ತಾಳೆ. ನಮ್ಮಕ್ಕನಿಗೆ ಎದೆಯ ಬೇನೆ ಇತ್ತು. ಅವಳು ಒಂದು ವಾಕ್ಯ ಮುಗಿಸಲು ನಡುವೆ ನಿಲ್ಲುತ್ತಿದ್ದಳು. ಅವಳ ಕಾಲು ಬಾತು ಬೆರಳು ಒತ್ತಿದರೆ ಗುಂಡಿ ಬೀಳುತ್ತಿತ್ತು. ಉಪ್ಪಿಲ್ಲದ ಬ್ಯಾಳಿ ತಿಂದು ತಿಂದು ನಾಲಿಗೆ ಸತ್ತು, ತಾಟು ನೂಕಿ ಎಲ್ಲರ ಮೇಲೂ ಹರಿಹಾಯುತ್ತಿದ್ದಳು. ಇದನ್ನು ಯಾವ ಹಳೇ ಸಿನಿಮಾದಲ್ಲೂ ನಾನು ಕಂಡಿಲ್ಲ. ಬೇನೆ ಅಂದರೆ ಸಿಡುಕು ಎಂಬುದು ಅವರಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ.

ನಮ್ಮದು ಅಫಜಲಪುರ. ಅಪ್ಪನದು ತೊಗರಿ, ಹತ್ತಿಯ ವ್ಯಾಪಾರ. ಎಪ್ಪತ್ತರ ದಶಕದಲ್ಲಿ ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿತ್ತು. ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಗೋಣಿ ತಟ್ಟಿನ ಪರದೆ. ನೆಲದ ಮೇಲೆ ನಾವೇ ಮನೆಯಿಂದ ತಂದ ಚಾಪೆ. ನಮ್ಮ ಊರಿಗೆ ಬರುವ ಹೊತ್ತಿಗೆ ಆ ಚಿತ್ರಗಳು ಎಲ್ಲ ಊರುಗಳಲ್ಲೂ ಓಡಿ ಓಡಿ ಸವೆದಿರುತ್ತಿದ್ದವು, ಪರದೆಯ ಮೇಲೆ ಸದಾ ಮಳೆ ಬಿದ್ದ ಹಾಗೆ ಗೆರೆಗಳು. ಒಮ್ಮೆ ಆಪರೇಟರ್ ರೀಲು ಅದಲು ಬದಲು ಹಾಕಿದ. ಸತ್ತು ಹೋಗಿದ್ದ ಸೊಸೆ ಸ್ವಲ್ಪ ಹೊತ್ತಿಗೆ ಕೊಡ ಹೊತ್ತು ಬಾವಿಯಿಂದ ಬಂದಳು. ಗಂಡಸರು ಸೀಟಿ ಹೊಡೆದರು, ಹೆಂಗಸರು ಕಣ್ಣೊರೆಸಿಕೊಂಡು ಶೇಂಗಾ ಸುಲಿಯುತ್ತ ನೋಡಿದರು. ಯಾರಿಗೂ ಏನೂ ತೊಂದರೆಯಾಗಲಿಲ್ಲ.

ನಮ್ಮವ್ವನ ತವರು ಆಳಂದ. ಸಿನಿಮಾದ ಹುಚ್ಚು ಅವಳಿಗೆ ಅಲ್ಲಿಂದಲೇ ಬಂದದ್ದು. ಅಲ್ಲಿ ಪಕ್ಕಾ ಕಟ್ಟಡದ ಥೇಟರು ಇತ್ತು, ಹೆಂಗಸರಿಗೆ ಬೇರೆ ಬಾಗಿಲು, ಬೆಂಚು. ಅವ್ವನಿಗೆ ಉರ್ದು ಚೆನ್ನಾಗಿ ತಿಳಿಯುತ್ತಿದ್ದುದರಿಂದ ಹಿಂದಿ ಚಿತ್ರಗಳೂ ಅವಳಿಗೆ ಮನೆಯ ಮಾತಿನಂತೆ. ಬೇಸಿಗೆ ರಜೆಗೆ ಆಳಂದಕ್ಕೆ ಹೋದರೆ ಮ್ಯಾಟಿನಿ ತಪ್ಪುತ್ತಿರಲಿಲ್ಲ. ಅವ್ವ ನಡುವೆ, ನಾವಿಬ್ಬರೂ ಅವಳ ಆಚೆ ಈಚೆ. ಅವ್ವ ಅತ್ತರೆ ಅಕ್ಕ ಅಳುತ್ತಿದ್ದಳು. ನಾನು ಅವರಿಬ್ಬರನ್ನೂ ನೋಡುತ್ತ ಕೂಡುತ್ತಿದ್ದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಮನೆಗೆ ಬಂದ ಮೇಲೆ ಇಡೀ ಕಥೆಯನ್ನು ಓಣಿಯ ಹೆಂಗಸರಿಗೆ ಹೇಳುವುದು ಅವಳ ಕೆಲಸ. ಅವಳು ಹೇಳಿದ ಕಥೆ ಎಷ್ಟೋ ಸಲ ನಾವು ನೋಡಿದ್ದಕ್ಕಿಂತ ಚೆನ್ನಾಗಿರುತ್ತಿತ್ತು.

ಆ ಚಿತ್ರಗಳಲ್ಲಿ ನನಗೆ ಈಗಲೂ ಇಷ್ಟವಾದದ್ದೂ ಇದೆ, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಅವಕ್ಕೆ ಅವಸರ ಇರಲಿಲ್ಲ. ಒಬ್ಬ ಹೆಂಗಸು ಬೀಸುವ ಕಲ್ಲಿನ ಮುಂದೆ ಕೂತು, ಸುತ್ತ ಚೆಲ್ಲಿದ ಹಿಟ್ಟನ್ನು ಅಂಗೈಯಿಂದ ಒಟ್ಟುಗೂಡಿಸುವುದನ್ನು ಹಾಡಿಲ್ಲದೆ, ಮಾತಿಲ್ಲದೆ ಪೂರ್ತಿ ತೋರಿಸಿದ್ದರು ಒಂದು ಕಪ್ಪು ಬಿಳುಪು ಚಿತ್ರದಲ್ಲಿ. ಕಥೆ ಮರೆತಿದ್ದೇನೆ, ಆ ಕೈ ಮರೆತಿಲ್ಲ. ಬಣ್ಣ ಬಂದ ಮೇಲೆ ಅಂಥ ಕೈಗಳನ್ನು ತೋರಿಸುವುದನ್ನು ಬಿಟ್ಟರು. ನನಗೆ ಸಿಟ್ಟಿರುವುದು ಬೀಸುವ ಕಲ್ಲಿನ ಮೇಲಲ್ಲ, ದವಾಖಾನೆಯ ಮೇಲೆ.

ಹಳೇ ಸಿನಿಮಾದ ದವಾಖಾನೆಯನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದಾರೆ. ಉದ್ದನೆಯ ಪಡಸಾಲೆ. ಕೊನೆಗೊಂದು ಎರಡು ಕದದ ಬಾಗಿಲು. ಬಾಗಿಲ ಮೇಲೆ ಕೆಂಪು ದೀಪ. ಹೊರಗೆ ಮನೆಯವರು, ಅವರಲ್ಲಿ ಒಬ್ಬರು ಗೋಡೆಗೆ ತಲೆ ಆನಿಸಿ ನಿಂತಿರಬೇಕು. ದೀಪ ಆರುತ್ತದೆ. ಡಾಕ್ಟರು ಹೊರಗೆ ಬಂದು ಕನ್ನಡಕ ತೆಗೆದು ತಲೆ ಅಲ್ಲಾಡಿಸುತ್ತಾರೆ. ಇಲ್ಲವೆಂದರೆ, ಅದೇ ಹೊತ್ತಿಗೆ ಗುಡಿಯಲ್ಲಿ ತಾಯಿಯೊಬ್ಬಳು ಹಣೆ ಚಚ್ಚಿಕೊಂಡು ಹಾಡಿರಬೇಕು, ಗಂಟೆಗಳು ತಾವೇ ಮೊಳಗಿರಬೇಕು, ಆಗ ಮಾತ್ರ ರೋಗಿ ಕಣ್ಣು ಬಿಡುತ್ತಾನೆ. ಡಾಕ್ಟರ ಕೈಯಿಂದ ಸುಮ್ಮನೆ ಬದುಕಿ ಮನೆಗೆ ಬಂದವರು ಆ ಚಿತ್ರಗಳಲ್ಲಿ ಯಾರೂ ಇಲ್ಲ. ನಮ್ಮ ಓಣಿಯಲ್ಲಿ ಆಪರೇಶನ್ ಕಂಡವರು ಯಾರೂ ಇರಲಿಲ್ಲ. ಅದರ ಬಗ್ಗೆ ನಮ್ಮವರಿಗೆ ಗೊತ್ತಿದ್ದುದೆಲ್ಲ ಆ ಕೆಂಪು ದೀಪ ಒಂದೇ.

ಅಕ್ಕನನ್ನು ಜೇವರ್ಗಿಗೆ ಕೊಟ್ಟಿದ್ದರು. ಹೊಲ, ಮನೆ, ದನ ಇದ್ದ ದೊಡ್ಡ ಕುಟುಂಬ. ಮದುವೆಯಾಗಿ ವರ್ಷದ ಮೇಲೆ ಬಸಿರಾದಳು, ಆಗಲೇ ಏದುಸಿರಿನ ತೇಕು ಶುರುವಾಯಿತು. ಕೊಡ ಎತ್ತಿದರೆ ಕೂತು ಬಿಡುತ್ತಿದ್ದಳಂತೆ. ಬಸಿರು ನಿಲ್ಲಲಿಲ್ಲ. ಕಲಬುರಗಿಯ ಡಾಕ್ಟರು ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿ, ಸಣ್ಣಂದಿನಲ್ಲಿ ಕೀಲು ಬಾತು ಜ್ವರ ಬಂದಿತ್ತೇ ಎಂದು ವಿಚಾರಿಸಿದರಂತೆ. ಬಂದಿತ್ತು, ನಮಗೆಲ್ಲ ನೆನಪಿತ್ತು. ಆ ಜ್ವರ ಹೃದಯದೊಳಗಿನ ಒಂದು ಕದವನ್ನು ಬಿಗಿ ಮಾಡಿ ಹೋಗಿದೆ, ರಕ್ತ ದಾಟಲು ದಾರಿ ಸಾಲುತ್ತಿಲ್ಲ ಎಂದರು. ಹೈದರಾಬಾದಿನಲ್ಲಿ ಎದೆ ತೆರೆದು ಆ ಕದ ಬಿಡಿಸುತ್ತಾರೆ, ವಯಸ್ಸು ಸಣ್ಣದಿದೆ, ಈಗಲೇ ಮಾಡಿಸಿ ಎಂದರು. ಜೇವರ್ಗಿಯವರು ಅವಳನ್ನು ಅಫಜಲಪುರಕ್ಕೆ ತಂದು ಬಿಟ್ಟು, ಆರಾಮ ಆದ ಮೇಲೆ ಕರೆದುಕೊಂಡು ಹೋಗುತ್ತೇವೆ ಎಂದರು. ಚಹಾ ಕುಡಿದು ಎದ್ದು ಹೋದವರು ಮತ್ತೆ ಬರಲಿಲ್ಲ.

ಅವ್ವ ಆಪರೇಶನ್ನಿಗೆ ಒಪ್ಪಲಿಲ್ಲ. ಅಳಲಿಲ್ಲ, ಕೂಗಲಿಲ್ಲ. ಒಲೆಯ ಮುಂದಿನಿಂದ ಏಳದೆ ಹೇಳಿದಳು.

"ಎದಿ ಸೀಳಿದ ಮ್ಯಾಲ ಯಾರ್ ಉಳದಾರ? ನಾ ನೋಡಿಲ್ಲೇನು? ಒಬ್ಬರರೆ ಹೊರಗ ಬಂದಾರೇನು ಹೇಳ್ರಿ."

"ಅದು ಸಿನಿಮಾ ಅದ," ಎಂದ ಅಪ್ಪ.

"ಸಿನಿಮಾದವ್ರಿಗೆ ಎಷ್ಟ್ ರೊಕ್ಕ ಇರ್ತದ, ಎಂಥಾ ಡಾಕ್ಟರ್ ಇರ್ತಾರ. ಅವ್ರಿಗೇ ಆಗಲಿಲ್ಲ."

ನಗಬೇಡಿ. ಆಗ ನಾನೂ ನಕ್ಕಿರಲಿಲ್ಲ. ಅವ್ವನ ಮಾತಿಗೆ ಎದುರು ಹೇಳಲು ನಮ್ಮಲ್ಲಿ ಯಾರಿಗೂ ಬೇರೆ ಉದಾಹರಣೆ ಇರಲಿಲ್ಲ. ಅಪ್ಪ ಈ ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ ಎಂದ. ಸುಗ್ಗಿಯ ಮೇಲೆ ಸುಗ್ಗಿ ಮುಗಿದವು. ಅಕ್ಕ ಗುಳಿಗೆ ನುಂಗುತ್ತ, ತಾಲೂಕು ದವಾಖಾನೆಯಲ್ಲಿ ಸೂಜಿ ಮಾಡಿಸಿಕೊಳ್ಳುತ್ತ ಇದ್ದಳು. ಕೆಲವು ತಿಂಗಳು ಚೆನ್ನಾಗಿರುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಆಗ ಅವ್ವ ನೋಡ್ರಿ ಹ್ಯಾಂಗ ಆರಾಮ ಆಗ್ಯಾಳ ಎನ್ನುತ್ತಿದ್ದಳು. ಮತ್ತೆ ಕಾಲು ಬಾಯುತ್ತಿತ್ತು. ನಾನು ಆ ವರ್ಷಗಳಲ್ಲಿ ಓದು ಮುಗಿಸಿ ಊರಿನ ಶಾಲೆಯಲ್ಲೇ ಟೀಚರಾದೆ. ಅಕ್ಕನಿಗೆ ಆಪರೇಶನ್ ಆಗಬೇಕು, ಇಲ್ಲದಿದ್ದರೆ ಅವಳು ಉಳಿಯುವುದಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು, ಯಾರೂ ಎತ್ತದ ಮಾತು.

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಗೆ ಟಿವಿ ಬಂತು. ಕಪ್ಪು ಬಿಳುಪಿನದು. ಮಾಳಿಗೆಯ ಮೇಲೆ ಆಂಟೆನಾ, ಗಾಳಿ ಬೀಸಿದರೆ ಯಾರಾದರೂ ಹತ್ತಿ ಅದನ್ನು ಕಲಬುರಗಿಯ ಕಡೆಗೆ ತಿರುಗಿಸಬೇಕು. ಭಾನುವಾರ ಮುಂಜಾನೆ ಪರದೇಶದ ಧಾರಾವಾಹಿಯೊಂದು ಹಿಂದಿಯ ಮಾತು ಜೋಡಿಸಿಕೊಂಡು ಬರುತ್ತಿತ್ತು. ಭೂಮಿ ಬಿಟ್ಟು ನಕ್ಷತ್ರಗಳ ಕಡೆಗೆ ಹೊರಟ ಒಂದು ದೊಡ್ಡ ನೌಕೆ. ಅದರೊಳಗೆ ಒಂದಷ್ಟು ಜನ. ಅವರು ತಲುಪುವ ಜಾಗ ಎಷ್ಟು ದೂರವೆಂದರೆ ಹೊರಟವರಲ್ಲಿ ಎಷ್ಟು ಮಂದಿ ಮುಟ್ಟುತ್ತಾರೋ ಅವರಿಗೇ ಗೊತ್ತಿಲ್ಲ. ಇಷ್ಟೇ ಕಥೆ. ನನ್ನ ಸಹೋದ್ಯೋಗಿಗಳು ಅದನ್ನು ಹುಡುಗರಾಟಿಕೆ ಎಂದು ಬಿಟ್ಟರು. ಅಕ್ಕ, ನಾನು ಇಬ್ಬರೂ ಬಿಡಲಿಲ್ಲ.

ಅದರ ದೋಷಗಳನ್ನು ಮೊದಲು ಹೇಳಿಬಿಡುತ್ತೇನೆ. ಆ ನೌಕೆಯ ಗೋಡೆಗಳು ರಟ್ಟಿನವು, ಯಾರಾದರೂ ಆನಿಕೊಂಡರೆ ಅಲುಗುತ್ತಿದ್ದವು. ಗುಂಡಿಗಳ ಫಲಕ ನಮ್ಮ ಕರೆಂಟು ಆಫೀಸಿನ ಬೋರ್ಡಿಗಿಂತ ಕಳಪೆ. ಎಲ್ಲರದೂ ಒಂದೇ ಬಟ್ಟೆ, ಅದನ್ನು ಒಗೆಯುವವರು ಯಾರೆಂದು ಕೊನೆಯವರೆಗೂ ತೋರಿಸಲಿಲ್ಲ. ಯಾರೂ ಅಡುಗೆ ಮಾಡುವುದಿಲ್ಲ. ಮುದುಕರೂ ಇಲ್ಲ, ಕೂಸುಗಳೂ ಇಲ್ಲ. ಹಿಂದಿ ಮಾತು ತುಟಿ ನಿಂತ ಮೇಲೂ ಓಡುತ್ತಿತ್ತು, ಅದೂ ಎಂಥ ಸಂಸ್ಕೃತಮಯ ಹಿಂದಿ, ಅವ್ವನ ಉರ್ದು ಅಲ್ಲಿ ನಡೆಯುತ್ತಲೇ ಇರಲಿಲ್ಲ. ಅಕ್ಕ ಮ್ಯಾಟ್ರಿಕ್ಕಿನವರೆಗೆ ಹಿಂದಿ ಓದಿದ್ದರಿಂದ ಅವಳೇ ತೇಕುತ್ತ ತೇಕುತ್ತ ಕನ್ನಡ ಮಾಡಿ ಹೇಳಬೇಕು.

ಆದರೆ ಅವರಿಗೆ ಬೇನೆ ಬೀಳಲು ಬರುತ್ತಿತ್ತು. ನೌಕೆಯೊಳಗೆ ಒಂದು ರೋಗ ಹಬ್ಬಿತು. ರೋಗಿಗಳು ಕೆಮ್ಮಿ ಕವಿತೆ ಹೇಳಲಿಲ್ಲ. ಬೆವರಿದರು, ಸಿಡುಕಿದರು, ಊಟ ಬಿಟ್ಟರು, ಆರೈಕೆ ಮಾಡುವವರನ್ನೇ ಬೈದರು. ಅಲ್ಲಿಯ ಡಾಕ್ಟರು ನೌಕೆಯ ಮುಖ್ಯಸ್ಥೆಯ ಮುಂದೆ ನಿಂತು, ನನಗೆ ಗೊತ್ತಿಲ್ಲ ಎಂದ. ಮುಖ್ಯಸ್ಥೆ ಅವನನ್ನು ಹೊಡೆಯಲಿಲ್ಲ, ದೇವರ ಕಡೆ ತಿರುಗಲಿಲ್ಲ. ಹಾಗಾದರೆ ಗೊತ್ತು ಮಾಡಿಕೊ ಎಂದು ತನ್ನ ಕೆಲಸಕ್ಕೆ ಹೋದಳು. ನಾನು ಅಲ್ಲಿಯವರೆಗೆ ನೋಡಿದ ಸಿನಿಮಾಗಳಲ್ಲಿ ಗೊತ್ತಿಲ್ಲ ಎಂದ ಡಾಕ್ಟರು ಒಬ್ಬನೂ ಇರಲಿಲ್ಲ. ಅಕ್ಕ ನನ್ನ ಮೊಣಕೈ ತಿವಿದಳು.

"ಯಾಕ ಅವರು ಲಗೂ ಲಗೂ ಎಲ್ಲಾ ನಿರ್ಧಾರ ಮಾಡ್ತಾರ ಗೊತ್ತದೇನು? ಅಲ್ಲಿ ಯಾರಿಗೂ ಅವ್ವ ಇಲ್ಲ."

ಅವ್ವ ಅಲ್ಲೇ ಕೂತು ಬ್ಯಾಳಿ ಹಸನ ಮಾಡುತ್ತಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಮುಂದೆ ನಡೆದದ್ದನ್ನು ಹೇಳುವ ಮೊದಲು ನಮ್ಮವರ ಪದ್ಧತಿಯೊಂದನ್ನು ಹೇಳಬೇಕು. ನಾವು ಲಿಂಗವಂತರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಗೋಡೆಗೆ ಆನಿಸಿ, ಹಣೆಗೆ ದಪ್ಪಗೆ ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು ಕೂಡಿಸುತ್ತೇವೆ. ಕುಣಿಯೊಳಗೂ ಒಂದು ಗೂಡು ಕೊರೆದು ಅದರಲ್ಲಿ ಕೂಡಿಸಿಯೇ ಮಣ್ಣು ಕೊಡುತ್ತೇವೆ. ಹೀಗಾಗಿ ಗೋಡೆಗೆ ಆನಿ ಕಣ್ಣು ಮುಚ್ಚಿ ಕೂತವರನ್ನು ಕಂಡರೆ ನಮ್ಮ ಹೆಂಗಸರ ಎದೆ ಧಸಕ್ ಅನ್ನುತ್ತದೆ. ಆ ಹೊತ್ತಿಗೆ ಅಕ್ಕನಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬು ಒಟ್ಟಿಕೊಂಡು, ಗೋಡೆಗೆ ಆನಿ, ಕೂತೇ ನಿದ್ದೆ ಮಾಡುತ್ತಿದ್ದಳು. ಅವ್ವ ದಿನಾ ಮುಂಜಾನೆ ಬಾಗಿಲಲ್ಲೇ ನಿಂತು ಅವಳ ಎದೆ ಏರಿ ಇಳಿಯುವುದನ್ನು ಕಂಡ ಮೇಲೆಯೇ ಒಳಗೆ ಬರುತ್ತಿದ್ದಳು. ಅವಳ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಆ ಬಾಗಿಲಲ್ಲಿ ಅವಳು ನಿಲ್ಲುತ್ತಿದ್ದ ರೀತಿ ಮರೆತಿಲ್ಲ.

ಆ ಭಾನುವಾರ ಬಾಜೂ ಮನೆಯ ಅಜ್ಜಿಯೂ ಟಿವಿಗೆ ಬಂದಿದ್ದಳು. ನೌಕೆಯಲ್ಲಿ ಔಷಧ ಸಿಗುವ ತನಕ ರೋಗಿಗಳನ್ನು ನಿದ್ದೆಗೆ ಹಾಕಬೇಕೆಂದು ಡಾಕ್ಟರು ತೀರ್ಮಾನಿಸಿದ. ಗೋಡೆಯಲ್ಲಿ ಸಾಲಾಗಿ ಗಾಜಿನ ಗೂಡುಗಳು. ಒಂದೊಂದರಲ್ಲಿ ಒಬ್ಬೊಬ್ಬರನ್ನು ಕೂಡಿಸಿದರು. ಕೈಗಳು ಮಡಿಲಲ್ಲಿ. ಕಣ್ಣು ಮುಚ್ಚಿದವು. ತಂಪಿಗೆ ಹಣೆಯ ಮೇಲೆ ಬೆಳ್ಳಗೆ ಮಂಜು ಕಟ್ಟಿತು, ನಮ್ಮ ಕಪ್ಪು ಬಿಳುಪು ಟಿವಿಯಲ್ಲಿ ಅದು ವಿಭೂತಿಯಲ್ಲದೆ ಬೇರೇನೂ ಆಗಿರಲಿಲ್ಲ.

ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿದಳು. ಅಜ್ಜಿ ಸೊಂಟ ಹಿಡಿದು ಎದ್ದೇ ನಿಂತಳು.

"ಲಿಂಗೈಕ್ಯ ಆದ್ರು ಪಾಪ. ಎಷ್ಟ್ ಸಣ್ಣ ವಯಸ್ಸು. ಪರದೇಶದವ್ರಾದ್ರೂ ಎಷ್ಟ್ ಛಂದ ಕುಂದ್ರಿಸ್ಯಾರ ನೋಡಬೇ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಉಸಿರು ಸಿಗದೆ ಒದ್ದಾಡಿದಳು, ನಾನು ಬೆನ್ನು ತಿಕ್ಕಿದೆ. ಸುಧಾರಿಸಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಅವರು ಸತ್ತಿಲ್ಲ ಎಂದು ಹೇಳಲು ಆ ದಿನ ಆಗಲೇ ಇಲ್ಲ, ಮರುದಿನಕ್ಕೆ ಮರೆತೇ ಹೋಯಿತು. ಅಜ್ಜಿ ಮನೆಗೆ ಹೋಗಿ ಸ್ನಾನ ಮಾಡಿದಳೆಂದು ಆಮೇಲೆ ತಿಳಿಯಿತು.

ಮುಂದಿನ ಭಾನುವಾರ ಔಷಧ ಸಿಕ್ಕಿತ್ತು. ಗಾಜಿನ ಬಾಗಿಲು ತೆರೆಯಿತು. ಡಾಕ್ಟರು ಮೊದಲನೆಯ ಗೂಡಿನ ಹೆಂಗಸಿನ ತೋಳಿಗೆ ಸೂಜಿ ಮಾಡಿದ. ಅವಳು ಕಣ್ಣು ಬಿಟ್ಟಳು. ಗೋಡೆ ಹಿಡಿದು ಎದ್ದಳು. ನೀರು ಕೇಳಿದಳು.

ಅಜ್ಜಿ "ಶಿವನೇ" ಎಂದು ಚಪ್ಪಲಿಯನ್ನೂ ಮೆಟ್ಟದೆ ಹೊರಟು ಹೋದಳು. ಅವ್ವ ಎದ್ದು ಟಿವಿಯ ಗುಂಡಿ ತಿರುಗಿಸಿ ಬಂದ್ ಮಾಡಿ, ಅದರ ಮುಂದೆಯೇ ನಿಂತಳು.

"ಕುಂತವ್ರು ಏಳಬಾರದು," ಎಂದಳು.

"ಅವ್ವಾ, ಅವ್ರು ಸತ್ತಿದ್ದಿಲ್ಲ," ಅಕ್ಕ ನಿಧಾನಕ್ಕೆ ಹೇಳಿದಳು. "ಡಾಕ್ಟರ್ ನಿದ್ದಿ ಹಚ್ಚಿದ್ದ, ಅವನೇ ಎಬ್ಬಿಸ್ದ. ನಾ ದಿನಾ ಕುಂತೇ ಮಲಗ್ತೇನಲ್ಲ. ದಿನಾ ಏಳ್ತೇನಲ್ಲ. ನೀನ ನೋಡ್ತೀಯಲ್ಲ ಬಾಗಿಲದಾಗ ನಿಂತು."

ತಾನು ನಿಲ್ಲುವುದು ಮಗಳಿಗೆ ಗೊತ್ತಿದೆ ಎಂಬುದು ಅವ್ವನಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಆಮೇಲೆ ಅಕ್ಕನ ಹಾಸಿಗೆಯ ಅಂಚಿಗೆ ಬಂದು ಕೂತಳು.

"ಹೈದರಾಬಾದದಾಗ ಮೊದಲ ನಿದ್ದಿ ಹಚ್ಚತಾರೇನು?"

"ಹೂಂ ಅವ್ವಾ."

"ಎಲ್ಲಾ ಆದ ಮ್ಯಾಲ ಎಬ್ಬಿಸ್ತಾರೇನು?"

"ಎಬ್ಬಿಸ್ತಾರ."

"ನೀ ಏಳ್ತೀ?"

"ಏಳ್ತೇನಿ."

"ಹಂಗಾದ್ರ ನಿಮ್ಮಪ್ಪಗ ಹೇಳು, ಹೋಗಿ ಬರ್ರಿ."

ಕಲಬುರಗಿಯ ದೊಡ್ಡ ಡಾಕ್ಟರು, ಅಪ್ಪ, ಓದಿದ ನಾನು, ಯಾರಿಂದಲೂ ಇಷ್ಟು ವರ್ಷ ಆಗದ್ದು ರಟ್ಟಿನ ಗೋಡೆಯ ಆ ನೌಕೆಯಿಂದ ಆಯಿತು. ಅದಕ್ಕೇ ಆ ಧಾರಾವಾಹಿಯನ್ನು ಯಾರಾದರೂ ಆಡಿಕೊಂಡರೆ ನನಗೆ ತಡೆಯುವುದಿಲ್ಲ. ಅದು ಕಲೆಯೋ ಅಲ್ಲವೋ ಪಂಡಿತರು ಹೇಳಲಿ. ಡಾಕ್ಟರು ನಿದ್ದೆಗೆ ಹಾಕಿದ ಮೇಲೂ ಎದ್ದು ನೀರು ಕೇಳುವ ಹೆಂಗಸನ್ನು ಅದು ನಮ್ಮವ್ವನಿಗೆ ತೋರಿಸಿತು. ಇಪ್ಪತ್ತು ವರ್ಷ ಮೊದಲು ಯಾವುದಾದರೊಂದು ಸಿನಿಮಾ ಆ ಕೆಲಸ ಮಾಡಿದ್ದರೆ ಅದರ ಹಾಡು ಎಷ್ಟೇ ಕೆಟ್ಟದಾಗಿದ್ದರೂ ನಾನು ಕೈ ಮುಗಿಯುತ್ತಿದ್ದೆ.

ಅಪ್ಪ, ಅಕ್ಕ, ನಾನು ಮೂವರೂ ಹೈದರಾಬಾದಿಗೆ ಹೋದೆವು. ಅವ್ವ ಬರಲಿಲ್ಲ, ಆ ಬಾಗಿಲ ಮುಂದೆ ನಿಲ್ಲಲು ನನ್ನಿಂದ ಆಗುವುದಿಲ್ಲ ಎಂದಳು. ದವಾಖಾನೆಯಲ್ಲಿ ಕೆಲವು ದಿನ ಬೇರೆ ಬೇರೆ ಯಂತ್ರಗಳ ಕೆಳಗೆ ಅಕ್ಕನನ್ನು ಮಲಗಿಸಿ ನೋಡಿದರು. ಅವಳು ಹೆದರಲಿಲ್ಲ. ಆಯಾಗಳ ಜೊತೆ ಹರಟುತ್ತ, ಪಕ್ಕದ ಮಂಚದ ಮುಸಲ್ಮಾನ ಹೆಂಗಸಿಗೆ ಆ ನೌಕೆಯ ಕಥೆಯನ್ನು ಮೊದಲಿನಿಂದ ಹೇಳುತ್ತ ಇದ್ದಳು. ಆಪರೇಶನ್ ಆದ ಮೇಲೆ ಮೊದಲು ಉಪ್ಪು ಹಾಕಿದ ಬ್ಯಾಳಿ ತಿನ್ನುತ್ತೇನೆ ಎಂದು ನನಗೆ ಹೇಳಿದಳು. ಆಮೇಲೆ ಮ್ಯಾಟ್ರಿಕ್ಕಿನ ಮುಂದೆ ಓದಬಹುದೇನು ಎಂದು ಕೇಳಿದಳು.

ದೊಡ್ಡ ಡಾಕ್ಟರು ನಮ್ಮ ಮೂವರನ್ನೂ ಒಂದು ಸಣ್ಣ ಕೋಣೆಗೆ ಕರೆದರು. ಅಲ್ಲಿ ಕೆಂಪು ದೀಪ ಇರಲಿಲ್ಲ. ಅವರು ಅರ್ಧ ತೋಳಿನ ಅಂಗಿ ಹಾಕಿದ್ದರು, ಕನ್ನಡಕ ಇರಲಿಲ್ಲ. ಮೇಜಿನ ಮೇಲೆ ಅರ್ಧ ಕುಡಿದ ಚಹಾ. ದನಿ ಇಳಿಸದೆ, ಏರಿಸದೆ ಉರ್ದುವಿನಲ್ಲಿ ಹೇಳಿದರು. ಕದ ಒಂದೇ ಕೆಟ್ಟಿದ್ದರೆ ಬಿಡಿಸಬಹುದಿತ್ತು. ಇಷ್ಟು ವರ್ಷ ರಕ್ತ ಹಿಂದೆ ಒತ್ತಿ ಒತ್ತಿ ಪುಪ್ಪುಸ, ಲಿವರ್ ಎಲ್ಲಕ್ಕೂ ಪೆಟ್ಟು ಬಿದ್ದಿದೆ. ಹೃದಯ ಹಿಗ್ಗಿ ಸೋತಿದೆ. ಈಗ ನಿದ್ದೆಗೆ ಹಾಕಿದರೆ ಎಬ್ಬಿಸಲು ಆಗುವುದಿಲ್ಲ. ಔಷಧ ಬರೆದು ಕೊಡುತ್ತೇನೆ, ಮನೆಗೆ ಕರೆದುಕೊಂಡು ಹೋಗಿ.

ಅಪ್ಪ ತೊದಲುತ್ತ ಏನೋ ಕೇಳಲು ಹೋದ. ಅಕ್ಕ ಅವನ ತೋಳು ಹಿಡಿದು ತಾನೇ ಕೇಳಿದಳು, ಅವಳ ಶಾಲೆಯ ಹಿಂದಿಯಲ್ಲಿ. ಮೊದಲ ಸಲ ಹೇಳಿದಾಗಲೇ ಬಂದಿದ್ದರೆ?

"ಆಗ ಬಂದಿದ್ದರೆ ಮಾಡಬಹುದಿತ್ತು," ಎಂದರು ಡಾಕ್ಟರು. ಸುಳ್ಳು ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ. ಒಳ್ಳೆಯ ಡಾಕ್ಟರು. ಆ ದಿನ ಮಾತ್ರ ನನಗೆ ಅವರು ಕನ್ನಡಕ ತೆಗೆದು ತಲೆ ಅಲ್ಲಾಡಿಸಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ವಾಪಸು ರೈಲಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ತಾಂಡೂರಿನ ಹತ್ತಿರ ಹಳಿಯ ಪಕ್ಕಕ್ಕೆ ಫರಸಿ ಕಲ್ಲು ಒಟ್ಟಿದ್ದರು, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಅಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಅಳುತ್ತಿದ್ದಾನೆಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಅವನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಅಪ್ಪಾ, ಅವ್ವಗ ತಡಾ ಆಗ್ಯದ ಅಂತ ಹೇಳಬ್ಯಾಡ್ರಿ."

"ಮತ್ತ ಏನ್ ಹೇಳಲಿ ಮಗಳ?"

"ನಾ ಅಂಜಿದೆ ಅಂತ ಹೇಳ್ರಿ. ಡಾಕ್ಟರ್ ತಯಾರಿದ್ರು, ಇಕಿ ಅಂಜಿ ಒಲ್ಲೆ ಅಂದ್ಳು ಅಂತ ಹೇಳ್ರಿ." ಉಸಿರಿಗಾಗಿ ನಿಂತು, ನನ್ನ ಕಡೆ ತಿರುಗಿದಳು. "ನೀನೂ ಹಂಗ ಹೇಳಬೇಕು. ಎಂದೂ ಬ್ಯಾರೆ ಹೇಳಬಾರದು. ತಡಾ ಆತು ಅಂತ ತಿಳಿದ್ರ ಯಾರಿಂದ ಆತು ಅಂತ ಆಕಿ ಎಣಿಸ್ಕೋತ ಕೂಡ್ತಾಳ."

ಅಪ್ಪ ಟವೆಲು ತೆಗೆಯದೆ ತಲೆಯಾಡಿಸಿದ. ನಾನು ಹೂಂ ಎಂದೆ. ಹೂಂ ಎನ್ನುವಾಗಲೂ ನನಗೆ ಅವ್ವನ ಮೇಲೆ ಸಿಟ್ಟಿತ್ತು, ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಸಾಯುವವಳು ಇವಳು, ಕಾಪಾಡಬೇಕಾದದ್ದು ಅವಳನ್ನೇ?

ಮನೆಗೆ ಬಂದಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಹೇಳಬೇಕಾದದ್ದನ್ನು ಹೇಳಿದ. ಅವ್ವ ಅಕ್ಕನ ಎದೆಯ ಮೇಲೆ ಸೆರಗಿನ ಮೇಲಿಂದಲೇ ಕೈ ಆಡಿಸಿ, ಹೊಲಿಗೆ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಅವಳ ಮುಖ ಅರಳಿತು. ಅಷ್ಟು ಚೆಲುವಾಗಿ ಅವಳು ನಕ್ಕಿದ್ದನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ.

"ಛಲೋ ಆತು ಬಿಡು, ಅಂಜಬುರುಕಿ. ನಿನ್ನ ಕೈಲಿ ಆಗಲ್ಲ ಅಂತ ನನಗ ಗೊತ್ತಿತ್ತು."

ಆ ದಿನ ಅವ್ವ ಹೂರಣದ ಹೋಳಿಗೆ ಮಾಡಿದಳು. ಅಕ್ಕನಿಗೆ ಹಸಿವು ಸತ್ತು ಎಷ್ಟೋ ದಿನವಾಗಿತ್ತು. ಆದರೂ ಅವ್ವ ಹಾಕಿದ್ದನ್ನು ತಿಂದಳು, ಇನ್ನೊಂದು ಹಾಕು ಎಂದು ಕೇಳಿ ಹಾಕಿಸಿಕೊಂಡಳು. ನಾನು ನೀರು ತರುವ ನೆಪದಲ್ಲಿ ಹಿತ್ತಲಿಗೆ ಹೋದೆ.

ಧಾರಾವಾಹಿ ಮುಗಿಯುವ ಮೊದಲೇ ಅಕ್ಕ ಹೋದಳು. ಒಂದು ಮುಂಜಾನೆ, ದಿಂಬಿಗೆ ಆನಿ, ದಿನಾ ಮಲಗುತ್ತಿದ್ದ ಹಾಗೆಯೇ. ಅವಳನ್ನು ಕೂಡಿಸುವ ಕೆಲಸ ಯಾರಿಗೂ ಬೀಳಲಿಲ್ಲ. ಕೊನೆಯ ಮಾತು ಇರಲಿಲ್ಲ. ಹಿಂದಿನ ದಿನ ಗುಳಿಗೆಯ ಡಬ್ಬಿ ಸರಿಯಾಗಿ ಮುಚ್ಚಿಲ್ಲವೆಂದು ನನ್ನನ್ನು ಬೈದದ್ದೇ ಕೊನೆಯದು. ಆ ನೌಕೆ ಎಲ್ಲಿಗೆ ಮುಟ್ಟಿತೆಂದು ನನಗೆ ಗೊತ್ತಿಲ್ಲ, ಮುಂದೆ ನಾನು ನೋಡಲಿಲ್ಲ.

ಮೂರು ನಾಲ್ಕು ವರ್ಷವಾದ ಮೇಲೆ ಅಪ್ಪನೂ ಹೋದ. ಅವ್ವ, ನಾನು ಇಬ್ಬರೇ ಉಳಿದೆವು. ಅವ್ವ ಟಿವಿಯಲ್ಲಿ ಹಳೇ ಚಿತ್ರ ಬಂದರೆ ಮೊದಲಿನ ಹಾಗೆಯೇ ನೋಡುತ್ತಿದ್ದಳು, ಅಳುತ್ತಿದ್ದಳು. ನಾನು ಬೇರೆ ಕೋಣೆಯಲ್ಲಿ ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಮಗಳ ಮಾತು ಬಂದಾಗಲೆಲ್ಲ ಅವಳು ಹೇಳುವುದು ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಹೋಯಿತು. ಮೊದಲು, ಅಂಜಿದಳು ಪಾಪ ಎನ್ನುತ್ತಿದ್ದಳು. ಆಮೇಲೆ, ನಾನೇ ಹೋಗಿ ಬಾ ಎಂದು ಕಳಿಸಿದ್ದೆ ಎನ್ನತೊಡಗಿದಳು. ಅದೂ ಸುಳ್ಳಲ್ಲ, ಕಳಿಸಿದ್ದಳು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಕರಜಗಿಯಿಂದ ಅವ್ವನ ದೂರದ ಸಂಬಂಧದ ಹೆಂಗಸೊಬ್ಬಳು ಬಂದಳು. ಅವಳ ಸೊಸೆಗೆ ಅದೇ ಬೇನೆ. ಡಾಕ್ಟರು ಆಪರೇಶನ್ ಮಾಡಿಸಿ ಎಂದಿದ್ದಾರೆ, ಏನು ಮಾಡಲಿ ಎಂದು ಕೇಳಲು ಬಂದಿದ್ದಳು. ಅವ್ವ ಅವಳ ಕೈ ಹಿಡಿದುಕೊಂಡು ಹೇಳಿದಳು.

"ಲಗೂ ಮಾಡಸ್ರಿ. ಒಂದ್ ದಿನಾನೂ ತಡಾ ಮಾಡಬ್ಯಾಡ್ರಿ. ನಮ್ಮ ಹುಡುಗಿ ದವಾಖಾನಿ ತನಕ ಹೋಗಿ ಅಂಜಿ ಬಂದ್ಳು ನೋಡ್ರಿ. ನಾ ಎಷ್ಟ್ ವರ್ಷ ಬಡಕೊಂಡೆ, ಮಾಡಿಸ್ಕೊ ಅಂತ. ಕೇಳಲಿಲ್ಲ. ಆಕಿ ಧೈರ್ಯಾ ಮಾಡಿದ್ರ ಇವತ್ತ ಇಲ್ಲೇ ಕುಂತಿರ್ತಿದ್ಳು."

ಅವ್ವ ಸುಳ್ಳು ಹೇಳುತ್ತಿರಲಿಲ್ಲ. ಅವಳು ಅದನ್ನು ಪೂರ್ತಿ ನಂಬಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು.

ಬಂದವಳಿಗೆ ಸಮಾಧಾನ ಆಗಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿದಳು.

"ನೀವರೆ ಹೇಳ್ರಿ ಟೀಚರ್, ನೀವೂ ಸಂಗಟ ಹೋಗಿದ್ರಂತಲ್ಲ. ಖರೇನ ಅಷ್ಟ್ ಅಂಜಿದ್ಳೇನ್ರಿ ನಿಮ್ಮಕ್ಕ?"

ಅವ್ವನೂ ನನ್ನನ್ನು ನೋಡುತ್ತಿದ್ದಳು.

"ಹೌದ್ರಿ," ಎಂದೆ. "ಭಾಳ ಅಂಜಿದ್ಳು."